ಅಂಚಿಲ್ಲದ ತಕ್ಕಡಿ

ಮನೆಯಿಂದ,
ಶುಕ್ರವಾರ, ಹದಿನೇಳನೇ ತಾರೀಖು, ಬೆಳಿಗ್ಗೆ ಏಳೂವರೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಬುಧವಾರ ನೋಡಿದಾಗ ಮುಖ ಸ್ವಲ್ಪ ಗೆಲುವಾಗಿತ್ತು ಅನ್ನಿಸಿತು. ಮಾತ್ರೆ ನುಂಗಿದರೆ ಬಾಯಿ ಒಣಗುತ್ತದೆ ಎಂದೆಯಲ್ಲ, ನೀರಿನ ಬಾಟಲಿಯನ್ನು ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೋ, ಎದ್ದು ಹೋಗಿ ಕುಡಿಯುತ್ತೇನೆ ಎಂದರೆ ನೀನು ಕುಡಿಯುವವಳಲ್ಲ. ನಿದ್ದೆ ಬರುತ್ತಿದೆಯೇ? ಊಟ ಪೂರ್ತಿ ಮಾಡುತ್ತೀಯೋ, ಇಲ್ಲಾ ಚಿಕ್ಕವಳಿದ್ದಾಗಿನ ಹಾಗೆ ತಟ್ಟೆಯ ಅಂಚಿಗೆ ಸರಿಸಿ ತಿಂದಂತೆ ಕಾಣಿಸುತ್ತೀಯೋ? ಕಿಟಕಿ ಪಕ್ಕದ ಮಂಚ ಕೊಡುತ್ತೇವೆ ಎಂದಿದ್ದರು, ಕೊಟ್ಟರೇ? ಅಲ್ಲಿ ಫೋನು ಕೊಡುವುದಿಲ್ಲ ಎಂದಾಗ ನನಗೆ ಮೊದಲು ಬೇಜಾರಾಗಿತ್ತು. ಈಗ ನೋಡಿದರೆ ಅದೇ ವಾಸಿ. ಫೋನು ಕೈಗೆ ಬಂದರೆ ನಾನು ಊಟ ಆಯ್ತಾ, ಮಳೆ ಬಂತಾ ಎಂದು ಕೇಳಿ ಇಟ್ಟುಬಿಡುವವನು. ಕಾಗದವಾದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಬುಧವಾರ ನೀನು ಒಳಗೆ ಹೋದ ಮೇಲೆ ಡಾಕ್ಟರಮ್ಮ ನನ್ನನ್ನು ಕರೆದು ಕೂರಿಸಿಕೊಂಡರು. ಆ ದಿನಗಳದ್ದು ನಿನಗೆ ಅಲ್ಲಲ್ಲಿ ನೆನಪೇ ಇಲ್ಲವಂತೆ, ನಡುವೆ ಹಾಳೆ ಹರಿದು ಹೋದ ಪುಸ್ತಕದ ಹಾಗಿದೆಯಂತೆ, ಏನಾಯಿತು ಏನಾಯಿತು ಎಂದು ಕೇಳುತ್ತೀಯಂತೆ. ‘ಮನೆಯವರೇ ಯಾರಾದ್ರೂ ನಡೆದದ್ದನ್ನ ನಡೆದ ಹಾಗೆ ಬರೆದುಕೊಡಿ. ಗೊತ್ತಿಲ್ಲದೆ ಇರೋದಕ್ಕಿಂತ ಗೊತ್ತಾಗೋದು ಒಳ್ಳೇದು’ ಎಂದರು. ಒಂದೇ ಒಂದು ಷರತ್ತು ಹಾಕಿದರು, ಮಗುವಿನ ತೂಕದ ಅಂಕಿ ಮಾತ್ರ ಎಲ್ಲೂ ಬರೆಯಬಾರದು. ಮೂವತ್ತನಾಲ್ಕು ವರ್ಷ ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಕೂತವನು ನಾನು. ತೂಕ ಬರೆಯದ ಚೀಟಿ ನನ್ನ ಕೈಯಿಂದ ಒಂದೂ ಆಚೆ ಹೋಗಿಲ್ಲ. ಈ ವಯಸ್ಸಿನಲ್ಲಿ ನನಗೆ ಇದೊಂದು ಹೊಸ ಪಾಠ. ನಿನ್ನೆಯಿಂದ ಎರಡು ಸಲ ಕಾಗದ ಹಿಡಿದು ಕೂತೆ, ಎರಡು ಸಲವೂ ಎದ್ದೆ. ನಿಜ ಹೇಳುತ್ತೇನೆ ಮಗಳೇ, ಹೆದರಿಕೆ. ಏನು ಬರೆದರೆ ನಿನಗೆ ಏನಾಗುತ್ತದೋ ಎಂಬ ಹೆದರಿಕೆ ಒಂದು, ಇನ್ನೂ ಕೆಲವು ಇವೆ.

ಮೊದಲು ನಿನ್ನ ಮಗಳ ಸುದ್ದಿ. ನಮ್ಮ ಪಾರ್ಸೆಲಮ್ಮ ಈಗ ಹಾಲು ಕುಡಿದು, ಒಂದು ದೊಡ್ಡ ತೇಗು ತೇಗಿ, ಮುಷ್ಟಿ ಬಿಗಿಹಿಡಿದು ಮಲಗಿದ್ದಾಳೆ. ಮಲಗಿದಾಗ ಹುಬ್ಬು ಗಂಟು ಹಾಕುವುದು ಥೇಟ್ ನಿನ್ನದೇ, ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಾ ಕೂತಾಗಿನ ನಿನ್ನ ಮುಖ. ಅಳಿಯಂದಿರು ಬಾಟಲಿ ಕುದಿಸುವುದರಲ್ಲಿ ನನ್ನನ್ನೂ ಮೀರಿಸಿದ್ದಾರೆ. ಬಸ್ಸಿನ ಎಂಜಿನ್ನಿಗೆ ನೀರು ಹಾಕುವವರ ಹಾಗೆ ತೋಳು ಮಡಚಿಕೊಂಡು ನಿಲ್ಲುತ್ತಾರೆ. ಅವಳು ಚೆನ್ನಾಗಿದ್ದಾಳೆ. ಇದನ್ನು ಮೊದಲೇ ಓದಿಕೊಂಡು ಬಿಡು, ಮುಂದಿನದಕ್ಕೆ ಧೈರ್ಯ ಬರುತ್ತದೆ.

ಈಗ ಹಿಂದಿನದು. ಅವಳು ಮೂರು ವಾರ ಮೊದಲೇ ಹುಟ್ಟಿದಳು, ಅದು ನಿನಗೆ ನೆನಪಿದೆ. ಆಸ್ಪತ್ರೆಯಿಂದ ಮನೆಗೆ ಬಂದಾಗ ಹುಟ್ಟಿದಾಗಿನದಕ್ಕಿಂತ ಇಳಿದಿದ್ದಳು. ಎಲ್ಲ ಮಕ್ಕಳೂ ಮೊದಲು ಸ್ವಲ್ಪ ಇಳಿಯುತ್ತವೆ, ಎರಡು ವಾರದಲ್ಲಿ ವಾಪಸ್ ಬರುತ್ತದೆ ಎಂದು ಆರೋಗ್ಯ ಕೇಂದ್ರದ ನರ್ಸಮ್ಮ ಹೇಳಿದರು. ಎರಡು ವಾರ ಆಯಿತು, ಬರಲಿಲ್ಲ. ಅವತ್ತು ಕೇಂದ್ರದಿಂದ ಮನೆಗೆ ನಡೆದೇ ಬಂದೆವು. ಬಾಗಿಲ ಹತ್ತಿರ ಬಂದು, ‘ಅಪ್ಪಾ, ಮುಂದಿನ ಸೋಮವಾರದ ತನಕ ಇವಳು ಏರ್ತಿದಾಳೋ ಇಳೀತಿದಾಳೋ ಅಂತ ನಂಗೆ ಗೊತ್ತಾಗೋದು ಹೇಗೆ?’ ಎಂದೆ. ನಿನ್ನ ಅಮ್ಮ ಇದ್ದಿದ್ದರೆ ಏನಾದರೂ ಹೇಳಿ ಸಮಾಧಾನ ಮಾಡುತ್ತಿದ್ದಳು. ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ‘ಅದಕ್ಯಾಕೆ ಯೋಚನೆ, ಮನೆಗೇ ಒಂದು ತಕ್ಕಡಿ ತಂದ್ರಾಯ್ತು’ ಎಂದುಬಿಟ್ಟೆ. ನರ್ಸಮ್ಮ ಬೇಡ ಎಂದಿದ್ದರು. ವಾರಕ್ಕೊಂದು ಸಲ ನಾವು ತೂಗುವುದೇ ಸಾಕು, ಮನೆಯಲ್ಲಿ ಬೇಡ ಎಂದು ನನ್ನ ಎದುರಿಗೇ ಹೇಳಿದ್ದರು. ಅವರಿಗೇನು ಗೊತ್ತು ತಕ್ಕಡಿ ವಿಷಯ ಎಂದುಕೊಂಡೆ. ಆ ಅಹಂಕಾರಕ್ಕೆ ನಾನು ಏನು ತೆತ್ತರೂ ಕಡಿಮೆಯೇ.

ತಕ್ಕಡಿ ಆರಿಸಿದ್ದು ನಾನೊಬ್ಬನೇ. ಕಿರಾಣಿ ಅಂಗಡಿಯವರಿಂದ ಒಂದು ಕಿಲೋದ ಕಬ್ಬಿಣದ ಕಲ್ಲು ಎರವಲು ತೆಗೆದುಕೊಂಡು, ಚೀಲದಲ್ಲಿ ಹಾಕಿಕೊಂಡು, ಆಸ್ಪತ್ರೆ ಸಾಮಾನಿನ ಅಂಗಡಿಗೆ ಹೋದೆ. ಅಲ್ಲಿ ಮೂರು ಬಗೆ ಇದ್ದವು. ಕೊಕ್ಕೆಗೆ ಬಟ್ಟೆಯ ಜೋಳಿಗೆ ನೇತುಹಾಕುವುದು ಒಂದು, ಗಡಿಯಾರದಂಥ ಮುಖವಿರುವ ಸ್ಪ್ರಿಂಗಿನದು ಒಂದು, ಅಂಕಿ ಮೂಡುವ ಬ್ಯಾಟರಿಯದು ಒಂದು. ಬ್ಯಾಟರಿಯದರಲ್ಲೇ ಎರಡು. ಒಂದರ ತಟ್ಟೆ ತೊಟ್ಟಿಲಿನ ಹಾಗೆ ಆಳ, ಹತ್ತು ಗ್ರಾಮಿನ ತನಕ ತೋರಿಸುತ್ತದೆ. ಇನ್ನೊಂದರದು ಹಲಗೆಯ ಹಾಗೆ ಚಪ್ಪಟೆ, ಐದು ಗ್ರಾಮನ್ನೂ ಬಿಡುವುದಿಲ್ಲ. ನಾನು ಕಲ್ಲನ್ನು ನಡುವೆ ಇಟ್ಟು ನೋಡಿದೆ, ನಾಲ್ಕು ಮೂಲೆಗೂ ಇಟ್ಟು ನೋಡಿದೆ, ಎತ್ತಿ ಮತ್ತೆ ಇಟ್ಟು ನೋಡಿದೆ. ಅಂಗಡಿಯವನು ಹೆದರಿ, ‘ಸಾರ್, ತಾವು ತೂಕ-ಅಳತೆ ಇಲಾಖೆಯವ್ರಾ?’ ಎಂದು ಕೇಳಿದ. ನನಗೆ ಹಿಗ್ಗೋ ಹಿಗ್ಗು. ಐದು ಗ್ರಾಮಿನದು ನಾಲ್ಕೂ ಮೂಲೆಯಲ್ಲಿ ಒಂದೇ ಅಂಕಿ ಹೇಳಿತು. ಅದನ್ನೇ ಕಟ್ಟಿಸಿಕೊಂಡು ಬಂದೆ. ನಾನು ಅಂಕಿ ನೋಡಿದೆ ಮಗಳೇ, ಅಂಚು ನೋಡಲಿಲ್ಲ. ಆ ಹಲಗೆಗೆ ಅಂಚೆಂಬುದೇ ಇರಲಿಲ್ಲ. ಬೆರಳಿನ ದಪ್ಪದಷ್ಟು ಎತ್ತರದ ಒಂದು ಏಣು, ಅಷ್ಟೇ. ಪಾರ್ಸೆಲ್ಲು ಒದೆಯುವುದಿಲ್ಲ, ಅದಕ್ಕೆ ನನಗೆ ಹೊಳೆಯಲೇ ಇಲ್ಲ.

ಊಟದ ಮೇಜಿನ ಮೇಲೆ ಇಟ್ಟು, ಕಾಲಿಗೆ ಪೇಪರು ಮಡಚಿ ಕೊಟ್ಟು ಸಮ ಮಾಡಿ, ನಿನಗೆ ಕಲಿಸಿಕೊಟ್ಟೆ. ಬಟ್ಟೆ ಹಾಸಿ ಸೊನ್ನೆಗೆ ತರಬೇಕು, ಮಗು ಬರಿಮೈಯಲ್ಲಿರಬೇಕು, ಫ್ಯಾನು ಆರಿಸಬೇಕು, ಪ್ರತಿಸಲ ಅದೇ ಹೊತ್ತಿಗೆ, ಹಾಲಿಗೆ ಮೊದಲು. ಕೊನೆಗೆ ಪಾರ್ಸೆಲ್ ಆಫೀಸಿನ ನಮ್ಮ ಹಳೇ ಸಾಹೇಬರ ಮಾತೊಂದನ್ನೂ ಸೇರಿಸಿದೆ: ‘ತಕ್ಕಡಿ ಹೇಳಿದ್ದನ್ನೆಲ್ಲಾ ನಂಬಬೇಡ. ಅನುಮಾನ ಬಂದ್ರೆ ಕಲ್ಲಿಟ್ಟು ನೋಡು.’ ನೀನು ತಲೆಯಾಡಿಸಿದೆ. ಒಂದು ಕೊಂಬು, ಒಂದು ದೀರ್ಘ ತಪ್ಪಿದರೂ ಇಡೀ ಹಾಳೆಯನ್ನು ಮತ್ತೆ ಓದುವ ಹುಡುಗಿಯ ಕೈಗೆ ಐದು ಗ್ರಾಮಿನ ತಕ್ಕಡಿ ಕೊಟ್ಟೆನಲ್ಲ, ಒಣಗಿದ ಹುಲ್ಲಿಗೆ ಕಡ್ಡಿ ಗೀರಿ ಹಾಕಿದ ಹಾಗಾಯಿತು.

ಮೊದಲ ಮೂರು ದಿನ ನೀನು ಬೆಳಿಗ್ಗೆ ಒಂದು ಸಲ ತೂಗಿದೆ. ಆಮೇಲೆ ಬೆಳಿಗ್ಗೆ, ಸಂಜೆ. ಆಮೇಲೆ ಹಾಲಿಗೆ ಮೊದಲು ಒಂದು, ಹಾಲಾದ ಮೇಲೆ ಒಂದು, ಎಷ್ಟು ಕುಡಿದಳು ಎಂದು ನೋಡಲು. ಮಗು ಕೈಕಾಲು ಆಡಿಸಿದರೆ ಅಂಕಿ ಕುಣಿಯುತ್ತದೆ. ಕುಣಿದ ಅಂಕಿಗಳಲ್ಲಿ ಯಾವುದು ನಿಜ ಎಂದು ನೀನು ಇನ್ನೆರಡು ಸಲ ತೂಗುವೆ. ಅವಳು ಉಚ್ಚೆ ಹೊಯ್ದರೆ ಅಷ್ಟು ಕಡಿಮೆ. ನೀನು ಹೌಹಾರಿ ಬಟ್ಟೆಯನ್ನು ಬೇರೆ ತೂಗುವೆ. ಅಡಿಗೆಮನೆಯ ಬಾಗಿಲಿಗೆ ಹಾಳೆ ಅಂಟಿಸಿ ಬರೆಯತೊಡಗಿದೆ. ಒಂದು ಹಾಳೆ ಮೂರಾಯಿತು, ಮೂರು ಒಂಬತ್ತಾಯಿತು. ಅಳಿಯಂದಿರು ಒಂದು ದಿನ ಮೆಲ್ಲಗೆ, ‘ಮಾವ, ಇದು ಜಾಸ್ತಿ ಆಗ್ತಿದೆ ಅನ್ಸಲ್ವಾ?’ ಎಂದರು. ನಾನು ಏನು ಹೇಳಿದೆ ಗೊತ್ತೇ? ‘ಇರ್ಲಿ ಬಿಡಿ, ಲೆಕ್ಕ ಇದ್ರೆ ಧೈರ್ಯ’ ಎಂದೆ. ಅಷ್ಟೇ ಅಲ್ಲ, ಸ್ಕೇಲು ಹಿಡಿದು ನಿನ್ನ ಹಾಳೆಗಳಿಗೆ ಕಂಬಸಾಲು ಗೆರೆ ಎಳೆದುಕೊಟ್ಟವನೂ ನಾನೇ. ನೀನು ತುಂಬಿದ ಅಂಕಿಗಳ ಸರಾಸರಿ ತೆಗೆದು ಕೆಂಪು ಶಾಯಿಯಲ್ಲಿ ಬರೆದವನೂ ನಾನೇ. ಮಗಳಿಗೆ ಅಪ್ಪನ ಕೆಲಸ ಕೊನೆಗೂ ಉಪಯೋಗಕ್ಕೆ ಬಂತಲ್ಲ ಎಂದು ಒಳಗೊಳಗೇ ಖುಷಿ.

ನೀನು ಊಟ ಬಿಟ್ಟದ್ದು ನನಗೆ ತಡವಾಗಿ ಕಂಡಿತು. ಮಲಗಿದ ಮಗುವನ್ನು ಎಬ್ಬಿಸಿ ತೂಗಲು ಶುರು ಮಾಡಿದ್ದೂ ತಡವಾಗಿ ಕಂಡಿತು. ಒಂದು ಮಧ್ಯಾಹ್ನ ನೀನು ಮೇಜಿನ ಎದುರು ಕುರ್ಚಿಯಲ್ಲಿ ಕೂತು, ಖಾಲಿ ತಕ್ಕಡಿಯನ್ನು ಹಚ್ಚಿ, ಸೊನ್ನೆಯನ್ನೇ ನೋಡುತ್ತಿದ್ದೆ. ‘ಅಪ್ಪಾ, ಸುಳ್ಳು ಹೇಳ್ತಿರೋದು ಇದೋ, ನಾನೋ?’ ಎಂದು ಕೇಳಿದೆ.  ನಿದ್ದೆಗೆಟ್ಟ ಮಾತು ಎಂದುಕೊಂಡು ಕಾಫಿ ಮಾಡಿಕೊಟ್ಟೆ. ಆ ಲೋಟ ಸಂಜೆಯ ತನಕ ಹಾಗೇ ಇತ್ತು.

ಇನ್ನು, ನಿನ್ನನ್ನು ಆಸ್ಪತ್ರೆಗೆ ಸೇರಿಸಿದ ಆ ಬುಧವಾರ. ಮಗುವಿಗೆ ಐದು ವಾರ ತುಂಬಿತ್ತು. ಅಳಿಯಂದಿರು ಬೆಳಗಿನ ಪಾಳಿಗೆ ಹೋಗಿದ್ದರು. ಹತ್ತೂವರೆ ಗಂಟೆ ಇರಬೇಕು, ಒಳ್ಳೆ ಬಿಸಿಲು, ನಾನು ಹಿತ್ತಲಲ್ಲಿ ಮಗುವಿನ ಬಟ್ಟೆ ಒಣಹಾಕುತ್ತಿದ್ದೆ. ಬಕೆಟ್ಟು ಖಾಲಿ ಮಾಡಿ ಒಳಗೆ ಬಂದೆ. ಮನೆಯಲ್ಲಿ ಸದ್ದೇ ಇಲ್ಲ. ಬೀದಿ ಬಾಗಿಲು ಹಾರುಹೊಡೆದಿತ್ತು. ನಿನ್ನ ಚಪ್ಪಲಿ ಅಲ್ಲೇ ಇದ್ದವು. ಮೇಜಿನ ಕಡೆ ತಿರುಗಿದರೆ ತಕ್ಕಡಿಯ ಮೇಲೆ ಮಗು, ಬರಿಮೈಯಲ್ಲಿ, ಒಬ್ಬಳೇ. ಒದ್ದು ಒದ್ದು ಒಂದು ಪಕ್ಕಕ್ಕೆ ಜರುಗಿದ್ದಳು. ಒಂದು ಕಾಲು, ಸೊಂಟದ ಅರ್ಧ ಹಲಗೆಯಿಂದ ಆಚೆ. ಹಲಗೆ ಆ ಕಡೆಗೆ ಬಾಗಿತ್ತು, ಕೆಳಗೆ ಕೊಟ್ಟಿದ್ದ ಪೇಪರಿನ ಮಡಿಕೆ ಜಾರಿ ನೆಲಕ್ಕೆ ಬಿದ್ದಿತ್ತು. ಅವಳು ಅಳುತ್ತಿರಲಿಲ್ಲ. ಚಾವಣಿಯನ್ನು ನೋಡುತ್ತಾ ಇನ್ನೊಂದು ಒದೆತಕ್ಕೆ ಕಾಲು ಮಡಿಸುತ್ತಿದ್ದಳು. ಅಡಿಗೆಮನೆಯಿಂದ ಮೇಜಿಗೆ ಎಷ್ಟು ಹೆಜ್ಜೆ ಹೇಳು, ಏಳೋ ಎಂಟೋ. ಅಷ್ಟು ದೂರವನ್ನು ನಾನು ಹೇಗೆ ದಾಟಿದೆನೋ ತಿಳಿಯದು. ಎತ್ತಿಕೊಂಡ ಮೇಲೆ ಮಗುವನ್ನು ಎದೆಗೆ ಅವಚಿಕೊಂಡು ನೆಲದ ಮೇಲೇ ಕೂತುಬಿಟ್ಟೆ. ಅವಳ ಬೆನ್ನು ತಣ್ಣಗಿತ್ತು.  ಮಗುವನ್ನು ಕೆಳಗೆ ಬಿಟ್ಟು ನಿನ್ನನ್ನು ಹುಡುಕಲು ಆಗದು, ಹುಡುಕದೆ ಕೂರಲೂ ಆಗದು. ಸ್ನಾನದ ಕೋಣೆ ನೋಡಿದೆ, ಬಾವಿಕಟ್ಟೆ ನೋಡಿದೆ. ಬಾವಿಯ ಒಳಗೆ ಬಗ್ಗಿ ನೋಡಿದ ಆ ಒಂದು ಗಳಿಗೆಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಒಳಗೆ ಆಕಾಶ ಬಿಟ್ಟು ಬೇರೇನೂ ಇರಲಿಲ್ಲ.

ಟವೆಲ್ಲಿನಲ್ಲಿ ಅವಳನ್ನು ಸುತ್ತಿಕೊಂಡು ಬೀದಿಗೆ ಬಂದೆ. ಕಿರಾಣಿ ಅಂಗಡಿಯ ಮುಂದೆ ನಾಲ್ಕು ಜನ ನಿಂತಿದ್ದರು. ನೀನು ಅಂಗಡಿಯ ಒಳಗೆ, ನೆಲದ ಮೇಲೆ, ಬರಿಗಾಲಿನಲ್ಲಿ ಕೂತಿದ್ದೆ. ಸುತ್ತ ಅವರ ತೂಕದ ಕಲ್ಲುಗಳನ್ನೆಲ್ಲಾ ಸಾಲಾಗಿ ಇಟ್ಟುಕೊಂಡಿದ್ದೆ, ಐವತ್ತು ಗ್ರಾಮಿನದರಿಂದ ಐದು ಕಿಲೋದ ತನಕ. ‘ಇದ್ರಲ್ಲಿ ಸರಿಯಾದ್ದು ಯಾವ್ದು ಹೇಳಿ, ಅದನ್ನ ಕೊಡಿ, ನಮ್ಮನೆ ತಕ್ಕಡಿ ಸುಳ್ಳು ಹೇಳ್ತಿದೆ’ ಎನ್ನುತ್ತಿದ್ದೆ. ಅಂಗಡಿಯವರು, ಪುಣ್ಯಾತ್ಮರು, ಗಿರಾಕಿಗಳನ್ನು ಬಾಗಿಲಲ್ಲೇ ನಿಲ್ಲಿಸಿ, ನಿನ್ನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ಒಂದೊಂದೇ ಕಲ್ಲನ್ನು ತಮ್ಮ ತಕ್ಕಡಿಯಲ್ಲಿ ಇಟ್ಟು ತೋರಿಸುತ್ತಿದ್ದರು. ‘ನೋಡಮ್ಮ, ಇದು ಸರಿ ಇದೆ. ನೋಡಮ್ಮ, ಇದೂ ಸರಿ ಇದೆ.’ ಒಂದು ಸಲವೂ ಬೇಸರಪಡಲಿಲ್ಲವಂತೆ. ನೀನು ತಲೆಯೆತ್ತಿ ನನ್ನನ್ನು ನೋಡಿದೆ, ಟವೆಲ್ಲು ನೋಡಿದೆ. ‘ಎಷ್ಟು ಬಂತು ಅಪ್ಪಾ?’ ಎಂದೆ. ಬೇರೆ ಏನೂ ಕೇಳಲಿಲ್ಲ. ಆಮೇಲೆ ಅಳಲು ಶುರು ಮಾಡಿದವಳು ಆಸ್ಪತ್ರೆ ಮುಟ್ಟುವ ತನಕ ನಿಲ್ಲಿಸಲಿಲ್ಲ.

ಅವತ್ತೇ ಸಂಜೆ ಅಲ್ಲಿ ಸೇರಿಸಿದೆವು. ಹೆರಿಗೆಯಾದ ಮೇಲೆ ಕೆಲವರಿಗೆ ಹೀಗಾಗುತ್ತದೆ, ಇದು ಕಾಯಿಲೆ, ಯಾರ ತಪ್ಪೂ ಅಲ್ಲ, ವಾಸಿಯಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ಆ ಮಾತನ್ನು ನಾನು ದಿನಕ್ಕೆ ಹತ್ತು ಸಲ ನೆನೆಸಿಕೊಳ್ಳುತ್ತೇನೆ. ಆಮೇಲೆ ಪ್ರಶ್ನೆ ಕೇಳಿದರು, ನಾವು ಉತ್ತರ ಹೇಳಿದೆವು, ಅವರು ಬರೆದುಕೊಂಡರು. ನಿನ್ನ ಕಾಗದಗಳಲ್ಲಿ ‘ಮಗುವನ್ನು ಒಂಟಿಯಾಗಿ ಬಿಟ್ಟು ಹೊರಗೆ ಹೋಗಿದ್ದಾರೆ’ ಎಂದು ಒಂದು ಸಾಲು ಇದೆ. ಆ ಸಾಲಿನ ದೆಸೆಯಿಂದ, ಮನೆಗೆ ಬಂದ ಮೇಲೂ ಕೆಲವು ಕಾಲ ನಿನ್ನನ್ನೂ ಮಗುವನ್ನೂ ಇಬ್ಬರನ್ನೇ ಬಿಡಬಾರದು ಎಂದು ತೀರ್ಮಾನಿಸಿದ್ದಾರೆ. ಅದನ್ನು ನಿನಗೂ ಹೇಳಿದ್ದಾರೆ. ಇದು ಅಳಿಯಂದಿರಿಂದ ಗೊತ್ತಾಯಿತು.

ಮನೆಯಲ್ಲಿ ಅಂದಿನ ಆ ತಕ್ಕಡಿ ಈಗ ಇಲ್ಲ. ಮರುದಿನವೇ ಅಳಿಯಂದಿರು ಅದನ್ನು ಗೋಣಿಚೀಲದಲ್ಲಿ ಸುತ್ತಿ ತಮ್ಮ ಡ್ಯೂಟಿಯ ಬಸ್ಸಿನ ಕೊನೇ ಸೀಟಿನ ಕೆಳಗೆ ಬಿಟ್ಟು ಬಂದರು, ಯಾರಾದರೂ ಒಯ್ಯಲಿ ಎಂದು. ಸಂಜೆ ಒಬ್ಬ ಮುದುಕಿ ಅದನ್ನು ಹೊತ್ತುಕೊಂಡು ಬಂದು, ‘ಯಾರೋ ಪಾಪ ಮರೆತು ಹೋಗಿದಾರೆ’ ಎಂದು ಡಿಪೋದಲ್ಲಿ ಒಪ್ಪಿಸಿದಳಂತೆ. ಒಳ್ಳೆಯವರ ಕಾಟ ತಪ್ಪಿದ್ದಲ್ಲ. ಈಗ ಅದು ಕಳೆದುಹೋದ ಸಾಮಾನಿನ ಕಪಾಟಿನಲ್ಲಿ, ಛತ್ರಿಗಳ ಪಕ್ಕ, ಕುತ್ತಿಗೆಗೆ ಚೀಟಿ ಕಟ್ಟಿಸಿಕೊಂಡು ಕೂತಿದೆ. ನೀನು ಇದನ್ನು ಓದಿ ಸ್ವಲ್ಪವಾದರೂ ನಕ್ಕರೆ ನನಗೆ ಸಾಕು.

ಇನ್ನೊಂದು ವಿಷಯವನ್ನು ಮೊನ್ನೆ ಬುಧವಾರ ನಾವು ನಿನ್ನಿಂದ ಮುಚ್ಚಿಟ್ಟೆವು. ಈಗ ದಾಟಿದೆ, ಅದಕ್ಕೇ ಬರೆಯುತ್ತೇನೆ. ಹೋದ ವಾರ ಅವಳಿಗೆ ವಾಂತಿ ಶುರುವಾಯಿತು. ನಾಲ್ಕು ದಿನ, ಕುಡಿದ ಹಾಲಿನಲ್ಲಿ ಅರ್ಧ ನನ್ನ ಅಂಗಿಯ ಮೇಲೆ. ನರ್ಸಮ್ಮ ನೋಡಿ ಇಳಿದಿದ್ದಾಳೆ ಎಂದರು. ಹಾಲು ಕಲೆಸುವ ಅಳತೆಯಲ್ಲಿ ನಾವು ತಪ್ಪು ಮಾಡಿದ್ದೆವು, ಅದನ್ನು ತಿದ್ದಿಕೊಟ್ಟರು. ಸೋಮವಾರ, ಗುರುವಾರ ತೂಗಲೇಬೇಕು ಎಂದರು. ಆದರೆ ಕೇಂದ್ರದ ಮಕ್ಕಳ ಕೋಣೆಗೆ ಸುಣ್ಣ ಹೊಡೆಯುತ್ತಿದ್ದಾರೆ, ಮೂರು ವಾರ ಬೀಗ. ‘ಮನೆಗೇ ಒಂದು ತಕ್ಕಡಿ ತಗೊಳ್ಳಿ, ಬೇರೆ ದಾರಿ ಇಲ್ಲ’ ಎಂದು ಅವರ ಬಾಯಿಂದಲೇ ಬಂತು.  ಮಗು ಇಳಿಯುತ್ತಿದೆ ಎಂಬ ಭಯ ಒಂದು ಕಡೆ, ಆ ಸಾಮಾನು ಮತ್ತೆ ಮನೆ ಸೇರುತ್ತದೆ ಎಂಬ ಭಯ ಒಂದು ಕಡೆ. ಯಾವುದು ಹೆಚ್ಚು ಎಂದು ತೂಗಲು ತಕ್ಕಡಿ ಇಲ್ಲ.

ಈ ಸಲ ನಾನು ಒಬ್ಬನೇ ಹೋಗಲಿಲ್ಲ. ಅಳಿಯಂದಿರು, ಮಗು, ನಾನು, ಮೂವರೂ ಹೋದೆವು. ಅದೇ ಅಂಗಡಿ. ಅಂಗಡಿಯವನು ನನ್ನ ಗುರುತು ಹಿಡಿದು, ‘ಬನ್ನಿ ಸಾರ್, ಕಲ್ಲು ತಂದ್ರಾ?’ ಎಂದ. ತಂದಿರಲಿಲ್ಲ. ಅಳಿಯಂದಿರು ಐದು ಗ್ರಾಮಿನದರ ಕಡೆ ಕೈ ಮಾಡಿ, ‘ಮಾವ, ನಿಖರವಾಗಿ ಗೊತ್ತಾಗೋದೇ ತಗೊಳ್ಳೋಣ’ ಎಂದರು. ಅವರಿಗೂ ಹೆದರಿಕೆ, ಹೆದರಿದವನ ಕಣ್ಣು ಸಣ್ಣ ಗೆರೆಯ ಮೇಲೇ ಬೀಳುತ್ತದೆ. ನಾನು ಬೇಡ ಎಂದೆ. ಆಳದ ತಟ್ಟೆಯದನ್ನು ಕೆಳಗಿಳಿಸಿ, ನೆಲದ ಮೇಲೆ ಇಡಿಸಿ, ಅವಳನ್ನೇ ಅದರಲ್ಲಿ ಮಲಗಿಸಿದೆ. ಒದ್ದಳು. ಅಂಚು ತಡೆಯಿತು. ಮತ್ತೆ ಒದ್ದಳು. ಮತ್ತೆ ತಡೆಯಿತು. ಅಷ್ಟು ಹೊತ್ತು ಅಂಕಿ ಏನು ಬಂತು ಎಂದು ನಾನು ನೋಡಲೇ ಇಲ್ಲ. ಮನೆಯಲ್ಲಿ ಅದು ನೆಲದ ಮೇಲೇ ಇರುತ್ತದೆ, ಮೇಜಿಗೆ ಏರುವುದಿಲ್ಲ. ಬ್ಯಾಟರಿಗಳು ಅಳಿಯಂದಿರ ಡ್ಯೂಟಿ ಚೀಲದಲ್ಲಿ, ಟಿಕೆಟ್ ಪುಸ್ತಕದ ಜೊತೆ. ಸೋಮವಾರ, ಗುರುವಾರ ಅವರು ಹಾಕುತ್ತಾರೆ, ಒಂದು ಸಲ ತೂಗಿ ತೆಗೆಯುತ್ತಾರೆ. ನನಗೂ ಕೊಡಕೂಡದು ಎಂದು ನಾನೇ ಹೇಳಿದ್ದೇನೆ.

ಸೋಮವಾರ ಬಂದ ಅಂಕಿಯನ್ನು ನರ್ಸಮ್ಮನಿಗೆ ತಿಳಿಸಿದೆವು. ಬೇರೆ ಬೇರೆ ತಕ್ಕಡಿಯ ಲೆಕ್ಕ ಒಂದಕ್ಕೊಂದು ಹೊಂದುವುದಿಲ್ಲ, ಇದನ್ನೇ ಮೊದಲ ಅಂಕಿ ಎಂದಿಟ್ಟುಕೊಳ್ಳಿ, ಗುರುವಾರ ಏರಿರಬೇಕು ಎಂದರು. ಏರದಿದ್ದರೆ ಎಂದು ಕೇಳಿದೆ. ಏರದಿದ್ದರೆ ದೊಡ್ಡಾಸ್ಪತ್ರೆ ಎಂದರು. ಆ ಮೂರು ದಿನ ನಾವು ಇಬ್ಬರು ಗಂಡಸರು ಈ ಮನೆಯಲ್ಲಿ ಹೇಗಿದ್ದೆವೆಂದು ಕೇಳಬೇಡ. ಒದ್ದೆ ಬಟ್ಟೆ ಎಣಿಸುವುದು, ಅಳುವಿನಲ್ಲಿ ಜೋರಿದೆಯೇ ಎಂದು ಕಿವಿಗೊಡುವುದು, ಅಳದಿದ್ದರೆ ಉಸಿರಿದೆಯೇ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುವುದು. ಆಗ ನನಗೆ ನಿನ್ನ ಒಂಬತ್ತು ಹಾಳೆಗಳು ಅರ್ಥವಾದವು. ಬ್ಯಾಟರಿ ನನ್ನ ಕೈಯಲ್ಲಿದ್ದಿದ್ದರೆ ನಾನೂ ಗಂಟೆಗೊಂದು ಸಲ ತೂಗುತ್ತಿದ್ದೆ. ನಿನಗೆ ಹುಚ್ಚು ಹಿಡಿಯಿತು ಎಂದು ಯಾರಾದರೂ ಅಂದರೆ ಅವರನ್ನು ಆ ಮೂರು ದಿನ ನಮ್ಮ ಮನೆಯಲ್ಲಿ ಕೂರಿಸಬೇಕು.

ಅದರ ನಡುವಿನ ಬುಧವಾರವೇ ನಿನ್ನನ್ನು ನೋಡಲು ಬಂದದ್ದು. ಅಳಿಯಂದಿರು ಮಗುವನ್ನು ನಿನ್ನ ಕಡೆ ಚಾಚಿದಾಗ ನೀನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ‘ನನ್ನ ಕೈಗೆ ಕೊಡ್ಬೇಡಿ, ನಾನು ಬಿಟ್ಟು ಹೋಗೋಳು’ ಎಂದೆ. 

ನಿನ್ನೆ ಗುರುವಾರ. ಬೆಳಿಗ್ಗೆ ಅಳಿಯಂದಿರು ಬ್ಯಾಟರಿ ಹಾಕಿದರು, ಒಂದು ಕೈತಪ್ಪಿ ಕೆಳಗೆ ಉರುಳಿತು. ನಾನು ಕಣ್ಣು ಮುಚ್ಚಿಕೊಂಡು ತಟ್ಟೆಯ ಪಕ್ಕ ಕೂತಿದ್ದೆ.  ಆಮೇಲೆ, ‘ಮಾವ, ಏರಿದಾಳೆ’ ಎಂದು ಅಲ್ಲೇ ಗೋಡೆಗೊರಗಿ ಕೂತರು. ಏರಿದ್ದಾಳೆ ಮಗಳೇ. ನರ್ಸಮ್ಮ ಸಾಕಷ್ಟು ಎಂದರು. ವಾಂತಿ ನಿಂತಿದೆ. ಎಷ್ಟು ಎಂದು ನಾನು ಬರೆಯುವುದಿಲ್ಲ, ಪೆನ್ನು ಆ ಕಡೆಗೇ ಎಳೆಯುತ್ತಿದೆ, ಆದರೂ ಬರೆಯುವುದಿಲ್ಲ.

ಬಾಟಲಿಗಳು ಕುದಿಯುತ್ತಿವೆ, ಹೋಗಿ ಒಲೆ ಆರಿಸಬೇಕು. ಮಾತ್ರೆ ತಪ್ಪಿಸಬೇಡ. ಕಿಟಕಿ ಪಕ್ಕದ ಮಂಚ ಕೊಡದಿದ್ದರೆ ಬರೆ, ನಾನು ಬಂದು ಕೇಳುತ್ತೇನೆ. ನಿನ್ನ ವಾರ್ಡಿನ ಆಯಾಗೆ ನನ್ನ ನಮಸ್ಕಾರ ಹೇಳು. ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸುತ್ತಿದ್ದೇನೆ ಎಂದು ತಿಳಿ. ಬೇಗ ಗುಣವಾಗು.

ನಿನ್ನ
ಅಪ್ಪ

ತಾ.ಕ.: ಅಳಿಯಂದಿರಿಗೆ ಇವತ್ತು ನಿನ್ನ ಆಸ್ಪತ್ರೆಯ ಮೇಲೆ ಹಾಯುವ ಬಸ್ಸು ಸಿಕ್ಕಿದೆ, ಕಾಗದ ನಾನೇ ಕೊಡುತ್ತೇನೆ ಎಂದು ಬಾಗಿಲಲ್ಲಿ ನಿಂತಿದ್ದಾರೆ. ಹತ್ತು ನಿಮಿಷ ಇದೆ. ಮೇಲೆ ಬರೆದುದರಲ್ಲಿ ಒಂದನ್ನು ಬಿಟ್ಟಿದ್ದೇನೆ. ಡಾಕ್ಟರಮ್ಮನಿಗೂ ಹೇಳಿಲ್ಲ, ಯಾರಿಗೂ ಹೇಳಿಲ್ಲ. ಆ ಬುಧವಾರ ನಾನು ಬಟ್ಟೆ ಒಣಹಾಕುತ್ತಿದ್ದಾಗ ನೀನು ಹಿತ್ತಲ ಬಾಗಿಲಿಗೆ ಬಂದಿದ್ದೆ. ‘ಅಪ್ಪಾ, ಇವಳು ತಕ್ಕಡಿ ಮೇಲಿದಾಳೆ, ಬಾ ನೋಡ್ಕೋ, ಕಲ್ಲು ತಗೊಂಡು ಈಗ ಬಂದೆ’ ಎಂದೆ. ನನ್ನ ಬಾಯಲ್ಲಿ ಬಟ್ಟೆ ಕ್ಲಿಪ್ಪು ಇದ್ದವು. ‘ಹೂಂ’ ಎಂದೆ. ಕೇಳಿಸಿತ್ತು ಮಗಳೇ, ಚೆನ್ನಾಗಿ ಕೇಳಿಸಿತ್ತು. ಇನ್ನು ನಾಲ್ಕು ಬಟ್ಟೆ ಇವೆ, ಮುಗಿಸಿ ಹೋಗೋಣ ಎಂದುಕೊಂಡೆ. ನಾಲ್ಕು ಮುಗಿಸಿದೆ. ಕಲ್ಲಿಗೆ ಹೋಗಿದ್ದೀಯ ಎಂದು ಗೊತ್ತಿದ್ದೂ, ಅವಳು ಜಾರಿದ್ದನ್ನು ಕಂಡ ಹೆದರಿಕೆಯಲ್ಲಿ ಮೊದಲು ಬಾವಿಗೇ ಓಡಿದ್ದೆ. ಬಿಟ್ಟು ಹೋದಳಾ ಎಂದು ಡಾಕ್ಟರಮ್ಮ ಕೇಳಿದಾಗ ಅಳಿಯಂದಿರು ನನ್ನ ಮುಖ ನೋಡಿದರು, ನಾನು ಹೌದು ಎಂದೆ. ಹೆದರಿದ್ದೆ, ಇನ್ನೇನೂ ಕಾರಣವಿಲ್ಲ. ಐದು ವಾರದಿಂದ ಆ ಹೌದನ್ನು ಹೊತ್ತುಕೊಂಡು ಓಡಾಡುತ್ತಿದ್ದೇನೆ. ನೀನು ಅವಳನ್ನು ಬಿಟ್ಟು ಹೋಗಲಿಲ್ಲ. ನನಗೆ ಒಪ್ಪಿಸಿ ಹೋದೆ. ಬರುವ ಬುಧವಾರ ಮೊದಲು ಡಾಕ್ಟರಮ್ಮನ ಕೋಣೆಗೆ ಹೋಗಿ ಆ ಸಾಲನ್ನು ಹೊಡೆದುಹಾಕಿಸುತ್ತೇನೆ, ಆಮೇಲೆ ನಿನ್ನ ಹತ್ತಿರ ಬರುತ್ತೇವೆ. ಮಗುವನ್ನು ಚಾಚಿದರೆ ಕೈ ನೀಡು. ಲಕೋಟೆಯನ್ನು ನಾನು ಅಂಟಿಸುತ್ತಿಲ್ಲ. ತೆರೆದೇ ಅಳಿಯಂದಿರ ಕೈಗೆ ಕೊಡುತ್ತೇನೆ. ಅವರು ಓದಲಿ, ಓದಿ ಅವರೇ ಅಂಟಿಸಿ ತರಲಿ.